‘ಪಿಂಕ್ ಮೂನ್’: ಬರೀ ಗಿಟಾರ್ ತಾನೇ ಅನ್ನುವವರಿಗೆ

ಇಂಗ್ಲೆಂಡಿನ ಗಾಯಕ, ಗೀತರಚನೆಕಾರ ನಿಕ್ ಡ್ರೇಕ್ ಹೆಸರು ಬಂತೆಂದರೆ ಸಾಕು, ಮಾತು ಖಿನ್ನತೆ, ಮಾತ್ರೆ, 26ನೇ ವಯಸ್ಸಿನ ಸಾವು ಅಂತ ಅತ್ತಲೇ ಜಾರುತ್ತದೆ. ಆತ ತೀರಿಕೊಂಡದ್ದು 1974ರ ನವೆಂಬರ್‌ನಲ್ಲಿ. ಆತನ ಆಲ್ಬಮ್ ‘ಪಿಂಕ್ ಮೂನ್’ ಧ್ವನಿಮುದ್ರಣವಾದದ್ದು 1971ರ ಅಕ್ಟೋಬರ್‌ನಲ್ಲಿ. ನಡುವೆ ಮೂರು ವರ್ಷಗಳ ಅಂತರವಿದ್ದರೂ ಈ ಆಲ್ಬಮ್ಮನ್ನು ಸಾಯುವ ಮುನ್ನ ಬರೆದಿಟ್ಟ ಪತ್ರದ ಹಾಗೆ ಓದುವ ಚಾಳಿ ಹೋಗಿಲ್ಲ. ಇದರಲ್ಲಿ ಕೇಳಬೇಕಾದದ್ದು ಕೈಕೆಲಸ.

ಲಂಡನ್ನಿನ ಚೆಲ್ಸಿಯಲ್ಲಿ, ಹಿಂದೆ ಹಾಲಿನ ಡೈರಿಯಾಗಿದ್ದ ಕಟ್ಟಡದಲ್ಲಿ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋ ಇತ್ತು. ಎರಡೇ ರಾತ್ರಿ ಕೆಲಸ. ಗಾಜಿನ ಆಚೆ ಡ್ರೇಕ್, ಈಚೆ ಎಂಜಿನಿಯರ್ ಜಾನ್ ವುಡ್, ಅಷ್ಟೇ ಜನ. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ನಿರ್ಮಾಪಕ ಜೋ ಬಾಯ್ಡ್ ಇದ್ದರು, ರಾಬರ್ಟ್ ಕರ್ಬಿ ಬರೆದ ತಂತಿವಾದ್ಯಗಳ ಮೇಳವಿತ್ತು. ಇಲ್ಲಿ ಅದ್ಯಾವುದೂ ಇಲ್ಲ, ಹೆಚ್ಚೂಕಡಿಮೆ ಗಿಟಾರು, ಕಂಠ ಮಾತ್ರ. 11 ಹಾಡು, ಒಟ್ಟು 28 ನಿಮಿಷ. 1972ರ ಫೆಬ್ರವರಿಯಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಹೊರತಂದಾಗ ಕೊಂಡವರು ಕಡಿಮೆ. 1999ರ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಶೀರ್ಷಿಕೆ ಹಾಡು ಬಂದ ಮೇಲೆ ಆಲ್ಬಮ್ಮಿಗೆ ಗಿರಾಕಿಗಳು ಮುಗಿಬಿದ್ದರು.

‘ಬರೀ ಗಿಟಾರ್ ತಾನೇ’ ಅನ್ನುವವರು ಒಮ್ಮೆ ಆ ಶೀರ್ಷಿಕೆ ಹಾಡಿಗೆ ಶ್ರುತಿ ಕೂಡಿಸಿ ನೋಡಲಿ. ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಸಿ, ಜಿ, ಸಿ, ಎಫ್, ಸಿ, ಇ. ಆಮೇಲೆ ಎರಡನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿದು ಎರಡು ಅರ್ಧ ಸ್ವರ ಏರಿಸುವ ಕ್ಲಿಪ್ಪು. ಸಿ ಅನ್ನು ಷಡ್ಜ ಅಂದುಕೊಂಡರೆ ಇದು ಸ ಪ ಸ ಮ ಸ ಗ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದರ ಗುಟ್ಟು ತಟ್ಟನೆ ಹತ್ತುತ್ತದೆ: ಮೂರು ಷಡ್ಜಗಳು ಸದಾ ಅನುರಣಿಸುತ್ತಿರುತ್ತವೆ, ಶುದ್ಧ ಮಧ್ಯಮ ಅವುಗಳ ನಡುವೆ ಕೂತು ಮೇಲಿನ ಅಂತರ ಗಾಂಧಾರದ ಜೊತೆ ಮೆಲ್ಲಗೆ ತಿಕ್ಕಾಡುತ್ತದೆ. ಆ ಹಾಡಿನ ಮಬ್ಬು ಬೆಳಕು ಹುಟ್ಟುವುದು ಈ ತಿಕ್ಕಾಟದಲ್ಲೇ. ಸಾಮಾನ್ಯ ಶ್ರುತಿಯಲ್ಲಿ ಕಾರ್ಡ್ (ಸ್ವರಗುಚ್ಛ) ಹಿಡಿದು ನುಡಿಸಿದರೆ ಸ್ವರ ಸರಿಯಿರುತ್ತದೆ, ಹಾಡು ಇರುವುದಿಲ್ಲ.

ಮಾಮೂಲಿ ಶ್ರುತಿಯಿಂದ (ಇ, ಎ, ಡಿ, ಜಿ, ಬಿ, ಇ) ಹೊರಟರೆ ಎಲ್ಲಕ್ಕಿಂತ ದಪ್ಪನೆಯ ಆರನೇ ತಂತಿ ನಾಲ್ಕು ಅರ್ಧ ಸ್ವರ ಇಳಿಯಬೇಕು. ಐದು, ನಾಲ್ಕು, ಮೂರನೆಯವು ಎರಡೆರಡು ಇಳಿಯಬೇಕು. ಎರಡನೆಯದು ಮಾತ್ರ ಬಿ ಇಂದ ಸಿ ಗೆ ಒಂದು ಏರಬೇಕು. ಮೊದಲನೆಯದು ಇದ್ದಲ್ಲೇ ಇರುತ್ತದೆ. ಇಳಿಸುವುದು ಮೊದಲು, ಏರಿಸುವುದು ಕೊನೆಗೆ. ನಾಲ್ಕು ತಂತಿ ಸಡಿಲವಾದಾಗ ಕುತ್ತಿಗೆಯ ಮೇಲಿನ ಎಳೆತ ತಗ್ಗಿ, ಉಳಿದ ತಂತಿಗಳು ತಾವಾಗಿಯೇ ತುಸು ಏರುತ್ತವೆ; ಅದಕ್ಕೇ ಒಂದು ಸುತ್ತು ಸಾಲದು, ಎರಡನೇ ಸುತ್ತು ಬೇಕೇ ಬೇಕು. ಪ್ರತಿ ತಂತಿಯನ್ನೂ ಬೇಕಾದ ಸ್ವರಕ್ಕಿಂತ ಕೊಂಚ ಕೆಳಗೆ ಇಳಿಸಿ, ಅಲ್ಲಿಂದ ಮೇಲೆ ತನ್ನಿ. ಮೇಲಿನಿಂದ ಇಳಿಸಿ ಹಾಗೇ ಬಿಟ್ಟರೆ ಬಿರಡೆಯ ಸಡಿಲ ಉಳಿದು ನಾಲ್ಕು ಬಾರಿ ಮೀಟುವಷ್ಟರಲ್ಲಿ ಶ್ರುತಿ ಜಾರುತ್ತದೆ.

ಆರನೇ ತಂತಿಯದೇ ದೊಡ್ಡ ತಲೆನೋವು. ಸಿ ಗೆ ಇಳಿದಾಗ ಅದರ ಬಿಗಿ ಮೊದಲಿನ ಶೇ 63ರಷ್ಟೇ ಉಳಿಯುತ್ತದೆ. ಜೋರಾಗಿ ಮೀಟಿದರೆ ಫ್ರೆಟ್ಟಿಗೆ ಬಡಿದು ಗರಗರ ಅನ್ನುತ್ತದೆ, ಒತ್ತಿದರೆ ಸ್ವರ ಮೇಲೆ ಹೋಗುತ್ತದೆ. 12–53 ಸೆಟ್ಟಿನಲ್ಲಿ (ಇವು ಇಂಚಿನ ಸಾವಿರದ ಭಾಗದಲ್ಲಿ ತಂತಿಯ ದಪ್ಪ) 53ರ ಬದಲು 56ರ ತಂತಿ ಹಾಕಿದರೆ ಸ್ವಲ್ಪ ಮೈ ಬರುತ್ತದೆ. ಕೇಪೋ ಫ್ರೆಟ್ಟಿಗೆ ಅಂಟಿದಂತೆ ಕೂರಲಿ, ಹಿಂದೆ ಸರಿದರೆ ಮೊದಲು ಕೆಡುವುದು ಈ ತಂತಿಯೇ. ಕೇಪೋ ಹಾಕಿದ ಮೇಲೆ ಆರನೆಯದನ್ನೂ ನಾಲ್ಕನೆಯದನ್ನೂ ಒಟ್ಟಿಗೆ ಮೀಟಿ ನೋಡಿ. ಎರಡೂ ಷಡ್ಜವೇ, ಒಂದು ಸ್ಥಾಯಿ ಅಂತರ. ಅಲೆಯಲೆಯಾಗಿ ಕೇಳಿಸಿದರೆ ಇನ್ನೂ ಕೂಡಿಲ್ಲ ಎಂದರ್ಥ.

ಕೆಲವರು ಕೇಪೋ ಸಹಿತ ಕೇಳುವ ಸ್ವರಗಳನ್ನೇ ಗುರುತಿಸಿ, ಕೇಪೋ ಇಲ್ಲದೆ ನೇರ ಅಲ್ಲಿಗೇ ಬಿಗಿಯಲು ಹೋಗುತ್ತಾರೆ. ಆಗ ಎರಡನೇ ತಂತಿ ಬಿ ಇಂದ ಡಿ ಗೆ ಏರಬೇಕು, ಬಿಗಿ ಶೇ 40ಕ್ಕೂ ಹೆಚ್ಚು ಕೂಡುತ್ತದೆ. ತಂತಿ ಕಡಿದೇ ಹೋಗಬಹುದು, ಮುಖ ಹಿಂದಕ್ಕಿಟ್ಟುಕೊಳ್ಳಿ.

ಇಷ್ಟೆಲ್ಲ ಏರ್ಪಾಡು ಮಾಡಿಕೊಂಡು, ಎರಡು ರಾತ್ರಿಯಲ್ಲಿ 11 ಹಾಡು ಮುಗಿಸಿದವನ ಬಗ್ಗೆ ‘ಕುಸಿದುಹೋಗಿದ್ದ’ ಎಂದಷ್ಟೇ ಹೇಳುವುದು ಅನ್ಯಾಯ. ಮನಸ್ಸಿನ ಕಷ್ಟ ನಿಜವೇ, ಆದರೆ ಬೆರಳುಗಳಿಗೆ ತಾವೇನು ಮಾಡುತ್ತಿದ್ದೇವೆಂಬುದು ಚೆನ್ನಾಗಿ ಗೊತ್ತಿತ್ತು. ‘ನೋ’ (Know) ಹಾಡಿನ ಮಾತು ನಾಲ್ಕೇ ಸಾಲು, ಉಳಿದದ್ದೆಲ್ಲ ಸುತ್ತಿ ಸುತ್ತಿ ಬರುವ ಒಂದೇ ತುಣುಕು. ‘ಹಾರ್ನ್’‌ನಲ್ಲಿ ಮಾತೇ ಇಲ್ಲ. ಬಿಟ್ಟದ್ದನ್ನು ಬೇಕೆಂದೇ ಬಿಟ್ಟದ್ದು.

ಈ ಹಾಡುಗಳನ್ನು ಮರುಹಾಡುವವರು ಚೆಲ್ಲೋ, ಕೊಳಲು, ಗವಿಯೊಳಗಿನ ಮಾರ್ದನಿ ಎಲ್ಲವನ್ನೂ ಸುರಿಯುತ್ತಾರೆ. ಮೂಲದಲ್ಲಿ ಗಿಟಾರು, ಕಂಠದ ಮೇಲೆ ಆಮೇಲೆ ಸೇರಿಸಿದ್ದು ಒಂದೇ ಒಂದು: ಶೀರ್ಷಿಕೆ ಹಾಡಿನ ನಡುವೆ ಬರುವ ಪಿಯಾನೊ. ಕೆಲವೇ ಸ್ವರ ಇಳಿದು ಬಂದು ನಿಲ್ಲುತ್ತದೆ. ಆಲ್ಬಮ್ಮಿನಲ್ಲಿ ಮತ್ತೆಲ್ಲೂ ಅದು ಬರುವುದಿಲ್ಲ.