ಮಲೆನಾಡಿನ ಮನೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಬೇಕೆ?

ಪರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಎಲ್ಲರಿಗೂ ಬರುತ್ತಿದ್ದ ಭದ್ರತಾ ಪರಿಷ್ಕರಣೆ, ಮುಗಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ 2015ರ ಹೊತ್ತಿಗೆ ಅಡಿಕೆ ಮಾರಿದ ಹಣದಲ್ಲಿ ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರುಗಳು ಇನ್ನೂ ಸರಿಯಾಗಿಯೇ ಇವೆ. ಆದರೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ವ್ಯವಸ್ಥೆಯ ಜೊತೆಗೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು. ಆ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಕೆಡದ ಯಂತ್ರವನ್ನು ಗುಜರಿಗೆ ಹಾಕಿ ಹೊಸದಕ್ಕೆ ಹಣ ಸುರಿಯುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಅದೇ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ನೆಮ್ಮದಿಯಾಗಿ ನಡೆಯುತ್ತದೆ. ಲಿನಕ್ಸ್ ಎಂದರೆ ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ ಮುಕ್ತ ವ್ಯವಸ್ಥೆ; ಮಿಂಟ್ ಅದರ ಒಂದು ರೂಪ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಮೊದಲು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಹಾರ್ಡ್‌ಡಿಸ್ಕನ್ನು ಮುಟ್ಟದೆ, ವೈಫೈ, ಧ್ವನಿ, ಪ್ರಿಂಟರ್ ಎಲ್ಲವೂ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬಹುದು. ಪರಿಷ್ಕರಣೆಯನ್ನು ಯಾವಾಗ ಹಾಕಿಕೊಳ್ಳಬೇಕೆಂದು ನಾವೇ ತೀರ್ಮಾನಿಸಬಹುದಾದ್ದರಿಂದ, ಮಳೆಗಾಲದಲ್ಲಿ ಯಾವ ಗಳಿಗೆಯಲ್ಲಾದರೂ ಕರೆಂಟು ಹೋಗುವ ನಮ್ಮ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ.

ಕನ್ನಡದ ಮಟ್ಟಿಗೂ ಹಿಂಜರಿಯಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ಎಂಬ ಕನ್ನಡ ಬರವಣಿಗೆಯ ತಂತ್ರಾಂಶ ಬಳಸುವವರ ಬೆರಳಿಗೆ ರೂಢಿಯಾಗಿರುವ ಕೀಲಿಮಣೆ ವಿನ್ಯಾಸ, ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆಗಳನ್ನು ಟೈಪಿಸಲು ನೆರವಾಗುವ ಐಬಸ್‌ನಲ್ಲಿ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಮಿಂಟ್‌ಗೆ ಆಧಾರವಾದ ಉಬುಂಟು ಎಂಬ ಲಿನಕ್ಸಿನ ತಂತ್ರಾಂಶ ಭಂಡಾರದಲ್ಲೇ ಇವೆ. ಪತ್ರ ಬರೆಯುವುದಕ್ಕೂ ತೋಟದ ಲೆಕ್ಕ ಇಡುವುದಕ್ಕೂ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಇವೆಲ್ಲಕ್ಕಿಂತ ನನಗೆ ಮುಖ್ಯವಾದದ್ದು ಹಕ್ಕಿನ ಮಾತು. ಅಂಗಡಿಯಲ್ಲಿ ಹಾಕಿಸಿಕೊಂಡ ಕಳ್ಳಪ್ರತಿಯನ್ನು ಬಳಸುವುದು ನಮ್ಮಲ್ಲಿ ತಪ್ಪೆಂದೇ ಅನ್ನಿಸದಷ್ಟು ಸಾಮಾನ್ಯವಾಗಿಬಿಟ್ಟಿದೆ. ಲಿನಕ್ಸನ್ನಾದರೋ ಒಂದು ಪೆನ್‌ಡ್ರೈವಿನಲ್ಲಿ ಇಡೀ ಊರಿಗೆ ಹಂಚಿದರೂ ಅದರ ಪರವಾನಗಿಯೇ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಪಕ್ಕದ ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿರುವುದೂ ಇದರಲ್ಲೇ.

ವಿರೋಧ

ಲಿನಕ್ಸ್ ಒಳ್ಳೆಯ ವ್ಯವಸ್ಥೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮನೆಯ ಕಂಪ್ಯೂಟರಿನಲ್ಲಿ ಈಗಾಗಲೇ ಏನಿದೆ ಎಂಬುದನ್ನು ಮೊದಲು ನೋಡಬೇಕು. ಸಹಕಾರ ಸಂಘದ ನಡಾವಳಿ, ದೇವಸ್ಥಾನದ ಜಮಾ-ಖರ್ಚು, ಲಗ್ನಪತ್ರಿಕೆ, ಪಾಲುಪಟ್ಟಿಯ ಕರಡು ಇವೆಲ್ಲ ಹಳೆಯ ನುಡಿ ಅಥವಾ ಬರಹ ಅಕ್ಷರಗಳಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯುನಿಕೋಡ್, ರೂಢಿಗೆ ಬರುವ ಮುಂಚಿನ ಸಂಕೇತಗಳಲ್ಲಿ ಕೂತಿವೆ. ಆ ಫಾಂಟುಗಳಿಲ್ಲದ ಕಡೆ ತೆರೆದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಪರಿವರ್ತಕಗಳಿರುವುದು ನಿಜ, ಆದರೆ ಕನ್ನಡ ಮತ್ತು ಇಂಗ್ಲಿಷ್ ಬೆರೆತ ಕಡತವನ್ನು ಪರಿವರ್ತಿಸಿದ ಮೇಲೆ ಪ್ರತಿ ಪುಟವನ್ನೂ ಮತ್ತೆ ಓದಿ ತಿದ್ದಬೇಕು, ಏಕೆಂದರೆ ಪಾಲುಪಟ್ಟಿಯಲ್ಲಿ ಒಂದು ಸರ್ವೆ ನಂಬರು ಹೆಚ್ಚುಕಡಿಮೆಯಾದರೆ ಅದು ಕಾಗುಣಿತದ ತಪ್ಪಿನಷ್ಟು ಹಗುರವಲ್ಲ.

ಮಂಡಿಯ ಲೆಕ್ಕವನ್ನು ಮನೆಗೆ ತಂದು ಮಾಡುವವರ ಕಷ್ಟ ಇನ್ನೊಂದು: ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ ತಂತ್ರಾಂಶ. ಡಿಜಿಟಲ್ ಸಹಿಯ ಟೋಕನ್ನು, ಹಳೆಯ ಲೇಸರ್ ಪ್ರಿಂಟರು ಇವುಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ಸಿಕ್ಕರೆ ಸರಿ, ಸಿಗದಿದ್ದರೆ ಆ ದಿನದ ಕೆಲಸ ನಿಂತಿತು.

ಕೆಟ್ಟಾಗ ಯಾರನ್ನು ಕರೆಯುವುದು ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪೇಟೆಯ ರಿಪೇರಿ ಅಂಗಡಿಗಳಲ್ಲಿ ಕೈಪಳಗಿರುವುದು ವಿಂಡೋಸಿಗೆ. ಲಿನಕ್ಸಿಗೆ ಸಿಗುವ ನೆರವೆಲ್ಲ ಬಹುತೇಕ ಅಂತರ್ಜಾಲದಲ್ಲಿ, ಅದೂ ಇಂಗ್ಲಿಷಿನಲ್ಲಿದೆ. ಆಗುಂಬೆಯ ಕಡೆಯ ಒಂಟಿಮನೆಯಲ್ಲಿ ಆಷಾಢದ ಮಳೆಗೆ ನೆಟ್‌ವರ್ಕೇ ಹೋದಾಗ ಅದು ಇದ್ದೂ ಇಲ್ಲದ ಹಾಗೆ. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬಂದಾಗ ಉತ್ಸಾಹದಿಂದ ಲಿನಕ್ಸ್ ಹಾಕಿಕೊಟ್ಟು ಹೋದರೆ, ಉಳಿದ ದಿನಗಳಲ್ಲಿ ಅದರೆದುರು ಕೂರುವವರು ಅಪ್ಪ-ಅಮ್ಮ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಪರಿಷ್ಕರಣೆ ಪಡೆಯುವ ಅವಕಾಶವನ್ನು ಮೈಕ್ರೋಸಾಫ್ಟ್ ಕೊಟ್ಟಿರುವಾಗ, ಹಳೆಯ ಕಡತಗಳನ್ನು ಸಾವಕಾಶವಾಗಿ ಯುನಿಕೋಡಿಗೆ ತಂದುಕೊಂಡು, ಹತ್ತಿರದಲ್ಲೇ ಲಿನಕ್ಸ್ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ ಮೇಲೆ ಈ ಮಾತನ್ನು ಎತ್ತುವುದು ಮೇಲು.