ಬಲ್ಲಿಸ್ಟಾ ಕಲ್ಲೆಸೆಯುತ್ತಿತ್ತು, ಸರಿ. ಯಾವ ಶತಮಾನದಲ್ಲಿ?

ರೋಮನ್ ಸೈನ್ಯದ ಲ್ಯಾಟಿನ್ ಪದಗಳಿಗೆಂದೇ ಹೊಸ ಪದಕೋಶವೊಂದು ಬಂದಿದೆ. ಇಂಥದ್ದೊಂದು ಬೇಕು ಅಂತ ಇಲ್ಲೇ ಎಷ್ಟು ಸಲ ಗೋಳಾಡಿದ್ದೇನೆ ಅನ್ನೋದು ನಿಮಗೆಲ್ಲ ಗೊತ್ತು. ಆಸೆಯಿಂದಲೇ ತೆರೆದೆ. ಅಚ್ಚು ಚೆನ್ನಾಗಿದೆ, ಶಾಸನಗಳಲ್ಲಿ ಬರುವ ಸಂಕ್ಷೇಪಗಳಿಗೆ ಬೇರೆ ಭಾಗವೇ ಇದೆ. ಆದರೆ ‘ಬಿ’ ಅಕ್ಷರಕ್ಕೆ ಬರುವಷ್ಟರಲ್ಲಿ ಸಿಟ್ಟು ನೆತ್ತಿಗೇರಿತು. ‘ಬಲ್ಲಿಸ್ಟಾ: ಕಲ್ಲೆಸೆಯುವ ಯಂತ್ರ.’ ಅಷ್ಟೇ. ಯಾವ ಕಾಲದಲ್ಲಿ, ಯಾರ ಬರಹದಲ್ಲಿ? ಒಂದಕ್ಷರವೂ ಇಲ್ಲ. ಪುಟ ತಿರುವಿದಷ್ಟೂ ಇದೇ ಕಥೆ.

ಕಾಲ ಹೇಳದೆ ಸೈನ್ಯದ ಪದಕ್ಕೆ ಅರ್ಥ ಕೊಟ್ಟರೆ ಏನಾಗುತ್ತದೆ ಅಂತ ಈ ಯಂತ್ರಗಳಲ್ಲೇ ನೋಡೋಣ. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಹತ್ತನೇ ಪುಸ್ತಕದಲ್ಲಿ ಕಟಪುಲ್ಟಾ, ಸ್ಕೋರ್ಪಿಯೊ ಎರಡನ್ನೂ ಬಾಣ ಬಿಡುವ ಯಂತ್ರಗಳಾಗಿ ವಿವರಿಸುತ್ತಾನೆ. ಬಲ್ಲಿಸ್ಟಾ ಕಲ್ಲೆಸೆಯುವಂಥದ್ದು. ಅಳತೆಯ ಲೆಕ್ಕವೇ ಬೇರೆ ಬೇರೆ. ಬಾಣದ ಯಂತ್ರದಲ್ಲಿ, ತಿರುಚಿದ ಹುರಿ ಹಾಯುವ ತೂತಿನ ಅಗಲ ಬಾಣದ ಉದ್ದದ ಒಂಬತ್ತರಲ್ಲಿ ಒಂದು ಪಾಲು. ಬಾಣ 27 ಅಂಗುಲ ಇದ್ದರೆ ತೂತು 3 ಅಂಗುಲ, ಉಳಿದೆಲ್ಲ ಭಾಗಗಳೂ ಆ ತೂತಿನ ಲೆಕ್ಕದಲ್ಲೇ. ಬಲ್ಲಿಸ್ಟಾದಲ್ಲಿ ಲೆಕ್ಕ ಶುರುವಾಗುವುದು ಕಲ್ಲಿನ ತೂಕದಿಂದ.

ಈಗ ಸುಮಾರು ನಾನೂರು ವರ್ಷ ಮುಂದೆ ಬನ್ನಿ. ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸ್ ಸ್ವತಃ ಸೈನ್ಯದಲ್ಲಿದ್ದವನು, ಕ್ರಿ.ಶ. 359ರಲ್ಲಿ ಪರ್ಷಿಯನ್ನರು ಅಮಿಡಾ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೇ ಇದ್ದವನು. ಅವನ ಬಲ್ಲಿಸ್ಟಾ ಬಾಣ ಬಿಡುತ್ತದೆ. ಕಲ್ಲೆಸೆಯುವುದು ಸ್ಕೋರ್ಪಿಯೊ, ಅದಕ್ಕೆ ಈಗ ‘ಓನಗೆರ್’ ಅನ್ನುತ್ತಾರೆ ಎಂದೂ ಹೇಳುತ್ತಾನೆ. ಓನಗೆರ್ ಎಂದರೆ ಕಾಡುಕತ್ತೆ. ಬೇಟೆಗಾರರು ಅಟ್ಟಿಸಿಕೊಂಡು ಬಂದರೆ ಅದು ಹಿಂಗಾಲಿನಿಂದ ಕಲ್ಲು ಒದೆಯುತ್ತದಂತೆ, ಅದಕ್ಕೇ ಆ ಹೆಸರು. ನಡುವೆ ಒಂದೇ ತೋಳು. ಅತ್ತ ನಾಲ್ವರು ಇತ್ತ ನಾಲ್ವರು ನಿಂತು ಅದನ್ನು ಹಿಂದಕ್ಕೆ ಎಳೆಯಬೇಕು, ಆಮೇಲೆ ಯಂತ್ರದ ಮೇಸ್ತ್ರಿ ಸುತ್ತಿಗೆಯಿಂದ ಗೂಟಕ್ಕೆ ಬಲವಾಗಿ ಹೊಡೆದು ತೋಳನ್ನು ಬಿಡಿಸಬೇಕು. ಇದನ್ನು ಕಲ್ಲಿನ ಗೋಡೆಯ ಮೇಲೆ ನೇರವಾಗಿ ಕೂರಿಸಬಾರದು ಅಂತ ಎಚ್ಚರಿಸುತ್ತಾನೆ. ತೂಕದಿಂದಲ್ಲ, ಒದೆತದಿಂದ ಕೆಳಗಿನ ಕಲ್ಲುಕಟ್ಟಡ ಸಡಿಲವಾಗಿ ಒಡೆಯುತ್ತದೆ. ಹುಲ್ಲುಹೆಂಟೆಯನ್ನೋ ಒಣಗಿದ ಇಟ್ಟಿಗೆಯನ್ನೋ ಹಾಸಿ ಅದರ ಮೇಲೆ ಇಡಬೇಕು.

ಇನ್ನು ರೋಮ್‌ನ ಕೊನೆಗಾಲದಲ್ಲಿ ಸೈನ್ಯದ ಕೈಪಿಡಿ ಬರೆದ ವೆಗೆಟಿಯಸ್. ‘ಹಿಂದೆ ಸ್ಕೋರ್ಪಿಯೊ ಅನ್ನುತ್ತಿದ್ದದ್ದಕ್ಕೆ ಈಗ ಮನುಬಲ್ಲಿಸ್ಟಾ (ಕೈಬಲ್ಲಿಸ್ಟಾ) ಅನ್ನುತ್ತಾರೆ’ ಎಂದು ಅವನೇ ಬರೆದಿಟ್ಟಿದ್ದಾನೆ. ಪದದ ಅರ್ಥ ಬದಲಾಗಿದೆ ಎಂದು ಆ ಕಾಲದವನೇ ಹೇಳುವಾಗ ಪದಕೋಶ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಸರಿ?

ಇದು ಬರೀ ಪಂಡಿತರ ತಕರಾರು ಅನ್ನಬೇಡಿ. ಕ್ರಿ.ಪೂ. 52ರಲ್ಲಿ ಗಾಲ್ ನಾಡಿನ (ಇಂದಿನ ಫ್ರಾನ್ಸ್) ಅವಾರಿಕುಮ್ ಮುತ್ತಿಗೆಯ ಬಗ್ಗೆ ಸೀಸರ್ ಬರೆದದ್ದು ನೆನಪಿರಬಹುದು. ಊರಬಾಗಿಲ ಮುಂದೆ ನಿಂತ ಗಾಲ್ ಒಬ್ಬ ಕೊಬ್ಬಿನ ಮತ್ತು ರಾಳದ ಉಂಡೆಗಳನ್ನು ರೋಮನ್ನರ ಗೋಪುರದ ಕಡೆಯ ಬೆಂಕಿಗೆ ಎಸೆಯುತ್ತಿದ್ದಾನೆ. ಸ್ಕೋರ್ಪಿಯೊದ ಏಟು ಅವನ ಬಲಪಕ್ಕೆಯನ್ನು ತೂರಿ ಹೋಗುತ್ತದೆ. ಹೆಣ ದಾಟಿ ಇನ್ನೊಬ್ಬ ಬಂದು ಅದೇ ಕೆಲಸ ಹಿಡಿಯುತ್ತಾನೆ, ಅವನೂ ಹಾಗೇ ಬೀಳುತ್ತಾನೆ, ಆಮೇಲೆ ಮೂರನೆಯವನು, ನಾಲ್ಕನೆಯವನು. ಗುರಿಯಿಟ್ಟು ಬಿಡುವ ಬಾಣದ ಯಂತ್ರವಾದ್ದರಿಂದಲೇ ಅದು ಸಾಧ್ಯ. ಅಮಿಡಾದಲ್ಲಿ ಅದೇ ಹೆಸರಿನ ನಾಲ್ಕು ಯಂತ್ರಗಳು ದುಂಡುಕಲ್ಲು ಎಸೆದು ಪರ್ಷಿಯನ್ನರ ಕಬ್ಬಿಣ ಹೊದಿಸಿದ ಗೋಪುರಗಳ ಕೀಲು ಮುರಿಯುತ್ತವೆ. ಒಂದೇ ಪದ, ಎರಡು ಯಂತ್ರ. ಕಾಲ ಬರೆಯದ ಪದಕೋಶ ಹಿಡಿದು ಓದಿದವನಿಗೆ ಇವೆರಡರಲ್ಲಿ ಒಂದು ಕಡೆ ತಪ್ಪು ಚಿತ್ರವೇ ಸಿಗುತ್ತದೆ.

ಲೆಕ್ಕದ ಪದಗಳದ್ದು ಇನ್ನೂ ಕಷ್ಟ. ‘ಸೆಂಚುರಿಯಾ: ನೂರು ಜನರ ತುಕಡಿ’ ಅಂತ ಹಾಕಿದ್ದಾರೆ. ಕನ್ನಡ ಬೈಬಲ್ ಓದಿದವರಿಗೆ ‘ಶತಾಧಿಪತಿ’ ಗೊತ್ತು. ಅದು ಗ್ರೀಕ್ ಪದದ ನೇರ ಅನುವಾದ, ಅಲ್ಲಿ ಅದು ಒಪ್ಪುತ್ತದೆ. ಆದರೆ ಪದಕೋಶ ತಲೆ ಎಣಿಸಬೇಕು. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಒಂದು ಲೀಜನ್‌ಗೆ, ಅಂದರೆ ರೋಮನ್ ಸೈನ್ಯದ ದೊಡ್ಡ ದಳಕ್ಕೆ, ಕೊಡುವ ಸಾಮಾನ್ಯ ಲೆಕ್ಕದಲ್ಲಿ ಮೊದಲ ಸಾಲಿನ ಹಸ್ತಾತಿ 1200, ಎರಡನೇ ಸಾಲಿನ ಪ್ರಿಂಕಿಪೆಸ್ 1200, ಹಿಂದಿನ ಸಾಲಿನ ತ್ರಿಯಾರಿ 600, ಹಗುರ ಪಡೆಯ ವೆಲಿಟೆಸ್ 1200, ಒಟ್ಟು 4200. ಮೊದಲ ಎರಡು ಸಾಲುಗಳಲ್ಲಿ ಒಂದೊಂದು ಮನಿಪುಲುಸ್‌ಗೆ (ಎರಡು ಸೆಂಚುರಿಯಾ ಸೇರಿದ ತುಕಡಿ) 120 ಜನ, ಪ್ರತಿ ಮನಿಪುಲುಸ್‌ಗೆ ಇಬ್ಬರು ಸೆಂಚುರಿಯನ್, ಅಂದರೆ ಸೆಂಚುರಿಯಾದ ಅಧಿಕಾರಿಗಳು. ಅಂದರೆ ಒಬ್ಬನ ಪಾಲಿಗೆ 60. ತ್ರಿಯಾರಿಗಳಲ್ಲಿ 30 ಮಾತ್ರ. ಚಕ್ರವರ್ತಿಗಳ ಕಾಲದ ಶಿಬಿರ ಕಟ್ಟುವ ಕೈಪಿಡಿಯೊಂದಿದೆ, ಹೈಜಿನಸ್ ಹೆಸರಿನಲ್ಲಿ ಬಂದದ್ದು. ಅದರಲ್ಲಿ ಪೂರ್ಣ ಸೆಂಚುರಿಯಾ 80 ಜನರದ್ದು, ಡೇರೆಗೆ 8 ಜನ. ಲೆಕ್ಕಕ್ಕೆ 10 ಡೇರೆ ಬೇಕು, ಆದರೆ 16 ಜನ ಯಾವಾಗಲೂ ಕಾವಲಿಗೆ ಹೋಗಿರುವುದರಿಂದ 8 ಡೇರೆ ಹಾಕಿದರೆ ಸಾಕು ಅನ್ನುತ್ತದೆ. ಇಷ್ಟು ಚೊಕ್ಕವಾದ ಮಾಹಿತಿ ಕಣ್ಣೆದುರಿಗಿರುವಾಗ ‘ನೂರು ಜನ’ ಅಂತ ಬರೆದು ಮುಂದೆ ಹೋಗಲು ಹೇಗೆ ಮನಸ್ಸು ಬಂತೋ.

ಹೆಸರಿನ ಮೂಲ ಒಂದು, ಬಳಕೆ ಇನ್ನೊಂದು. ಹಸ್ತಾತಿ ಎಂಬ ಹೆಸರು ಬಂದದ್ದು ಹಸ್ತಾ, ಅಂದರೆ ಈಟಿಯಿಂದ. ಪಾಲಿಬಿಯಸ್ ಕಾಲಕ್ಕೆ ಅವರ ಕೈಯಲ್ಲಿದ್ದದ್ದು ಎಸೆಯುವ ಪೀಲುಮ್, ಚುಚ್ಚುವ ಹಸ್ತಾ ಉಳಿದದ್ದು ಹಿಂದಿನ ಸಾಲಿನ ತ್ರಿಯಾರಿಗಳ ಬಳಿ. ಆ ತ್ರಿಯಾರಿಗಳಿಗೇ ಪಿಲಾನಿ ಅಂತ ಇನ್ನೊಂದು ಹೆಸರು! ಪ್ರಿಂಕಿಪೆಸ್ ಅಂದರೆ ‘ಮೊದಲಿನವರು’, ನಿಲ್ಲುತ್ತಿದ್ದದ್ದು ಎರಡನೇ ಸಾಲಿನಲ್ಲಿ. ಈ ಪದಕೋಶದಲ್ಲಿ ಮೂರಕ್ಕೂ ಮೂಲಾರ್ಥವನ್ನೇ ಅರ್ಥವೆಂದು ಕೊಟ್ಟಿದ್ದಾರೆ.

‘ಅಲಾ’ಗೆ ‘ಕುದುರೆ ಪಡೆ’ ಎಂದಿದೆ. ಅಗಸ್ಟಸ್ ನಂತರ ನಿಜ: 16 ತುರ್ಮಾ (ಸವಾರರ ಚಿಕ್ಕ ತುಕಡಿ), ತುರ್ಮಾಕ್ಕೆ 32 ಸವಾರರು, ಒಟ್ಟು 512. ಅದಕ್ಕೂ ಮುಂಚಿನ ಗಣರಾಜ್ಯದ ಕಾಲದಲ್ಲಿ ಅಲಾ ಎಂದರೆ ರೆಕ್ಕೆಯಂತೆ ಪಕ್ಕದಲ್ಲಿ ನಿಲ್ಲುವ ಮಿತ್ರರಾಷ್ಟ್ರಗಳ ಪಡೆ, ಅದರಲ್ಲಿ ಕಾಲಾಳುಗಳೇ ಹೆಚ್ಚು. ವೆಕ್ಸಿಲ್ಲಾತಿಯೊ ಮೊದಲು ಬಾವುಟದಡಿ ಬೇರೆ ಕೆಲಸಕ್ಕೆ ಕಳಿಸಿದ ತುಕಡಿ, 4ನೇ ಶತಮಾನದಲ್ಲಿ ಅಶ್ವದಳ. ‘ಲೋರಿಕಾ ಸೆಗ್ಮೆಂಟಾಟಾ’ವನ್ನಂತೂ ರೋಮನ್ ಪದವೆಂಬಂತೆ ಸೇರಿಸಿದ್ದಾರೆ. ಪಟ್ಟಿಪಟ್ಟಿ ಕಬ್ಬಿಣದ ಆ ಕವಚ ನಿಜ, ಹೆಸರು ಮಾತ್ರ ಆಧುನಿಕ ವಿದ್ವಾಂಸರು ಇಟ್ಟದ್ದು. ಯಾವ ರೋಮನ್ ಲೇಖಕನೂ ಅದನ್ನು ಹಾಗೆ ಕರೆದಿಲ್ಲ.

‘ಹೊಸದಾಗಿ ಓದುವವರಿಗೆ ಒಂದು ಪದಕ್ಕೆ ಒಂದು ಅರ್ಥ ಸಾಕು, ವಿವರ ಬೇಕಾದವರು ದೊಡ್ಡ ನಿಘಂಟು ನೋಡಲಿ’ ಅನ್ನುವವರಿದ್ದಾರೆ. ದೊಡ್ಡ ನಿಘಂಟು ಯಾವುದು? ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟು ಕ್ರಿ.ಶ. 2ನೇ ಶತಮಾನದ ಕೊನೆಯ ಹೊತ್ತಿಗೆ ನಿಂತುಬಿಡುತ್ತದೆ, ಅಮ್ಮಿಯಾನಸ್ ಅದರ ವ್ಯಾಪ್ತಿಗೇ ಬರುವುದಿಲ್ಲ. ಮ್ಯೂನಿಕ್‌ನ ‘ಥೆಸಾರಸ್’ ಎಂಬ ಲ್ಯಾಟಿನ್ ಮಹಾನಿಘಂಟಿನ ಕೆಲಸ 19ನೇ ಶತಮಾನದ ಕೊನೆಯಲ್ಲಿ ಶುರುವಾದದ್ದು, ಇನ್ನೂ ಮುಗಿದಿಲ್ಲ. ಅದಕ್ಕೇ ಇಂಥ ವಿಷಯಕೋಶ ಬೇಕಾಗಿತ್ತು. ಹೊಸಬರ ಮಾತಿಗೆ ಬಂದರೆ, ತಪ್ಪು ಕಲಿತರೆ ಹೆಚ್ಚು ಕಷ್ಟಪಡುವವರು ಅವರೇ. ಮೊಘಲರ ಕಾಲದಲ್ಲಿ ಶಿರಾದ ಸುಬೇದಾರ ಒಂದು ಇಡೀ ಪ್ರಾಂತ್ಯ ಆಳುತ್ತಿದ್ದವನು. ಇಂದಿನ ನಮ್ಮ ಸೇನೆಯ ಸುಬೇದಾರರು ಜೂನಿಯರ್ ಕಮಿಷನ್ಡ್ ಆಫೀಸರ್. ಕನ್ನಡದ ಹುಡುಗನಿಗೆ ಇವೆರಡನ್ನೂ ಒಂದೇ ಅರ್ಥದಲ್ಲಿ ಕಲಿಸಲು ನಾವು ಒಪ್ಪುತ್ತೇವಾ?

ಸಂಕ್ಷೇಪಗಳ ಭಾಗ ನನಗೆ ಇಷ್ಟವಾಯಿತು ಅಂದೆನಲ್ಲ, ಅಲ್ಲೂ ಅದೇ ಕೊರತೆ. ‘ಸ್ಟಿಪ್’ಗೆ ‘ಸಂಬಳ’ ಎಂದಿದೆ. ಸೈನಿಕನ ಗೋರಿಕಲ್ಲಿನ ಮೇಲೆ ಸ್ಟಿಪ್ ಆದ ಮೇಲೆ 20 ಎಂಬ ಅಂಕಿ ಇದ್ದರೆ ಅದು 20 ವರ್ಷದ ಸೇವೆ, ಹಣವಲ್ಲ. ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ ಸಿಕ್ಕಿದ ಫೇವೋನಿಯಸ್ ಫೆಸಿಲಿಸ್‌ನ ಗೋರಿಕಲ್ಲು ನೋಡಿ. ಕೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು ಹಿಡಿದು ನಿಂತ ಮನುಷ್ಯ. ಹೆಸರಿನ ಮುಂದೆ ಸೆಂಚುರಿಯಾದ ಗುರುತು, ಆಮೇಲೆ 20ನೇ ಲೀಜನ್. ಈ ಗುರುತನ್ನು ಪದಕೋಶ ಹೇಳುವಂತೆ ‘ಸೆಂಚುರಿಯಾ’ ಅಂತ ಓದಿದರೆ ಅವನು ಬರೀ ಸಿಪಾಯಿ ಆಗಿಬಿಡುತ್ತಾನೆ. ಇಲ್ಲಿ ಅದು ‘ಸೆಂಚುರಿಯನ್’. ಗುರುತು ಒಂದೇ, ಸುತ್ತಲಿನ ಪದಗಳಿಂದ ಬಿಡಿಸಬೇಕು. ‘ಮೀಲೆಸ್’, ಅಂದರೆ ಸಿಪಾಯಿ, ಎಂದಿದ್ದು ಗುರುತಿನ ಮುಂದೆ ಬೇರೊಬ್ಬನ ಹೆಸರು ಷಷ್ಠಿಯಲ್ಲಿ ಬಂದರೆ ಅದು ಆ ಅಧಿಕಾರಿಯ ತುಕಡಿ. ಹಾಗಿಲ್ಲದೆ ಸತ್ತವನ ಹೆಸರಿಗೇ ಗುರುತು ಅಂಟಿಕೊಂಡು ಲೀಜನ್ ಹೆಸರು ಬಂದರೆ ಅವನೇ ಅಧಿಕಾರಿ. ಎರಡು ಸಾಲಿನ ಟಿಪ್ಪಣಿ ಸಾಕಿತ್ತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಪ್ರತಿ ಅರ್ಥದ ಪಕ್ಕದಲ್ಲಿ ಯಾರ ಬರಹ, ಯಾವ ಶತಮಾನ, ಪುಸ್ತಕವೋ ಕಲ್ಲೋ ಮರದ ಹಲಗೆಯೋ ಎಂದು ಹಾಕಬೇಕು. ಲೇಖಕ ಗ್ರೀಕಿನಲ್ಲಿ ಬರೆದಿದ್ದರೆ ಗ್ರೀಕ್ ಪದವನ್ನೂ ಕೊಡಬೇಕು, ಏಕೆಂದರೆ ಪಾಲಿಬಿಯಸ್ ‘ಸ್ಪೈರಾ’ ಅಂದದ್ದು ಮನಿಪುಲುಸ್‌ಗೆ, ಮುಂದೆ ಅದೇ ಪದ ಅದಕ್ಕಿಂತ ದೊಡ್ಡ ತುಕಡಿಯಾದ ಕೊಹಾರ್ಟ್‌ಗೆ ನಿಂತಿತು. ಸಂಖ್ಯೆ ಇದ್ದರೆ ಅದು ಕಾಗದದ ಮೇಲಿನ ಸಂಖ್ಯೆಯೋ ಎಣಿಸಿದ ಸಂಖ್ಯೆಯೋ ಹೇಳಬೇಕು. ಉತ್ತರ ಇಂಗ್ಲೆಂಡಿನ ರೋಮನ್ ಕೋಟೆ ವಿಂಡೋಲಾಂಡಾದಲ್ಲಿ ಸಿಕ್ಕಿದ ಮರದ ಹಲಗೆಯೊಂದರಲ್ಲಿ ಮೇ 18ರಂದು ತುಂಗ್ರಿಯನ್ನರ ಮೊದಲ ಕೊಹಾರ್ಟ್‌ನ ಹಾಜರಿ ಇದೆ. ಒಟ್ಟು 752, ಹೊರಗೆ ಹೋದವರು 456, ಕೋಟೆಯಲ್ಲಿ ಉಳಿದವರು 296. ಅದರಲ್ಲಿ ಕಾಯಿಲೆಯವರು 15, ಗಾಯಗೊಂಡವರು 6, ಕಣ್ಣುಬೇನೆಯವರು 10. ಕೊನೆಯವರಿಗೆ ಲ್ಯಾಟಿನ್ನಿನಲ್ಲಿ ‘ಲಿಪ್ಪಿಯೆಂಟೆಸ್’ ಎಂದಿದೆ. ಹಾಜರಿ ಪಟ್ಟಿಯಲ್ಲಿ ತನ್ನದೇ ಸಾಲು ಪಡೆದ ಈ ಪದ ಸೈನ್ಯದ ಪದವೇ. ಹುಡುಕಿದೆ, ಪದಕೋಶದಲ್ಲಿಲ್ಲ.

ಎರಡನೇ ಮುದ್ರಣ ಬರುವುದಾದರೆ ಮೊದಲು ಬಲ್ಲಿಸ್ಟಾ ತಿದ್ದಿ. ಆಮೇಲೆ ಸ್ಕೋರ್ಪಿಯೊ, ಸೆಂಚುರಿಯಾ, ಅಲಾ. ಲೋರಿಕಾ ಸೆಗ್ಮೆಂಟಾಟಾದ ಪಕ್ಕದಲ್ಲಿ ‘ಆಧುನಿಕ ಹೆಸರು’ ಎಂಬ ಎರಡು ಪದ ಸೇರಿಸಿ.