ರೇಟ್ ಹಾಕದ ವೆಬ್‌ಸೈಟ್‌ನಲ್ಲಿ ಯಾರು ನಿಲ್ತಾರೆ?

ನಮ್ಮ ಬಳ್ಳಾರಿಯ ಜೀನ್ಸ್ ಹೋಲ್‌ಸೇಲ್‌ನವರ ಒಂದೆರಡು ವೆಬ್‌ಸೈಟ್ ತೆರೆದು ನೋಡಿ. ಮೊದಲು ಸ್ವಾಗತ. ಆಮೇಲೆ ತಾನಾಗೇ ಸರಿಯುವ ದೊಡ್ಡ ದೊಡ್ಡ ಫೋಟೋಗಳು. ಯಾವುದೋ ದೇಶದ ಹುಡುಗ ಜೀನ್ಸ್ ಹಾಕಿಕೊಂಡು ಗೋಡೆಗೆ ಒರಗಿ ನಿಂತಿರುತ್ತಾನೆ. ಅದರ ಕೆಳಗೆ 'ಗುಣಮಟ್ಟವೇ ನಮ್ಮ ಗುರಿ'. ಇನ್ನೂ ಕೆಳಗೆ ಮಾಲೀಕರಿಗೆ ಶಾಲು ಹೊದಿಸುತ್ತಿರುವ ಫೋಟೋ. ಪ್ಯಾಂಟ್‌ಗೆ ಎಷ್ಟು ಅಂತ ಮಾತ್ರ ಎಲ್ಲೂ ಇರೋದಿಲ್ಲ.

ಅಂಗಡಿಗೆ ಬಂದ ಗಿರಾಕಿ ಮೊದಲು ಬಟ್ಟೆ ಮುಟ್ಟಿ ನೋಡುತ್ತಾನೆ. ಆಮೇಲೆ ಬಾಯಿ ತೆರೆದರೆ "ಎಷ್ಟ್ರೀ?" ಅಂತಲೇ ಕೇಳೋದು. ಫೋನ್‌ನಲ್ಲಿ ನಿಮ್ಮ ಸೈಟ್ ನೋಡುವವನೂ ಅದೇ ಗಿರಾಕಿ. ಅವನಿಗೆ ಬಟ್ಟೆ ಮುಟ್ಟೋಕೆ ಆಗಲ್ಲ, ಹಾಗಾಗಿ ಪ್ರಶ್ನೆಗಳು ಇನ್ನೂ ಜಾಸ್ತಿ. ಒಂದು ಸೆಟ್‌ನಲ್ಲಿ ಯಾವ ಸೈಜ್ ಎಷ್ಟು ಪೀಸ್? ಸ್ಟ್ರೆಚ್ ಇದೆಯಾ? ಬಣ್ಣ ಬಿಡುತ್ತಾ? ಕಡಿಮೆ ಅಂದ್ರೆ ಎಷ್ಟು ಪೀಸ್ ತಗೋಬೇಕು? ಟ್ರಾನ್ಸ್‌ಪೋರ್ಟ್ ಖರ್ಚು ಯಾರದು? ಇಷ್ಟಕ್ಕೆ ಉತ್ತರ ಇದ್ದರೆ ಅವನು ನಿಂತು ಓದುತ್ತಾನೆ. ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಮುಂದಿನ ಅಂಗಡಿ ನೋಡುತ್ತಾನೆ. ನಿಮ್ಮ ಸೈಟ್ ಎಷ್ಟೇ ಚೆಂದ ಇರಲಿ.

ಇದನ್ನು ಹೇಳಿದಾಗೆಲ್ಲ ಬರುವ ಉತ್ತರ ಒಂದೇ. "ರೇಟ್ ಹಾಕಿದ್ರೆ ಪಕ್ಕದ ಅಂಗಡಿಯವರು ನೋಡ್ತಾರಣ್ಣ." ಅಲ್ರೀ, ಪಕ್ಕದವರಿಗೆ ನಿಮ್ಮ ರೇಟ್ ಬೆಳಿಗ್ಗೆ ಚಹಾ ಕುಡಿಯೋ ಹೊತ್ತಿಗೇ ಗೊತ್ತಾಗಿರುತ್ತೆ. ಗೊತ್ತಿಲ್ಲದೆ ಇರೋದು ದೂರದ ಊರಿನ ಗಿರಾಕಿಗೆ ಮಾತ್ರ. ಸೈಟ್ ಮಾಡಿಸಿದ್ದೇ ಅವನಿಗಾಗಿ ಅಲ್ವಾ? ರೇಟ್ ಮೇಲೆ ಕೆಳಗೆ ಆಗುತ್ತೆ ಅಂದ್ರೆ ಇಷ್ಟರಿಂದ ಇಷ್ಟರವರೆಗೆ ಅಂತ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ.

ಇನ್ನು ಆ ಗೋಡೆಗೆ ಒರಗಿದ ಹುಡುಗ. ಅದೇ ಫೋಟೋ ಬೇರೆ ಊರಿನ ಅಂಗಡಿ ಸೈಟಿನಲ್ಲೂ ಇರುತ್ತೆ, ಗಿರಾಕಿ ಅದನ್ನು ಅಲ್ಲೂ ನೋಡಿರುತ್ತಾನೆ. ನಮ್ಮೂರಲ್ಲೇ ಹೊಲಿಗೆ, ನಮ್ಮೂರಲ್ಲೇ ವಾಶಿಂಗ್. ಇಷ್ಟೆಲ್ಲ ಕಣ್ಣ ಮುಂದೆ ಇಟ್ಟುಕೊಂಡು ಇಂಟರ್ನೆಟ್‌ನಿಂದ ಯಾರದೋ ಫೋಟೋ ತರೋದು ಯಾಕೆ? ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಹೊಲಿಗೆ, ಜಿಪ್, ಒಳಗಿನ ಪಾಕೆಟ್ ಕಾಣುವ ಹಾಗೆ ಮೊಬೈಲ್‌ನಲ್ಲೇ ತೆಗೆಯಿರಿ. ಟೇಪ್ ಇಟ್ಟು ಸೊಂಟದ ಅಳತೆ ತೋರಿಸಿ. ಬೆಳಕು ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ.

ಆದರೆ ಮೊಬೈಲ್‌ನಲ್ಲಿ ತೆಗೆದ 5 ಎಂಬಿ ಫೋಟೋವನ್ನು ಹಾಗೇ ಸೈಟ್‌ಗೆ ಏರಿಸಬೇಡಿ, ಗಾತ್ರ ಕಡಿಮೆ ಮಾಡಿ. ಇಲ್ಲದಿದ್ದರೆ ಪುಟ ತೆರೆಯೋದು ತಡ ಆಗುತ್ತೆ. ಪುಟ ತೆರೆಯಲು 3 ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಮೊಬೈಲ್‌ನಲ್ಲಿ ಬಂದವರಲ್ಲಿ 53% ಜನ ಬಿಟ್ಟು ಹೋಗುತ್ತಾರೆ ಅಂತ ಗೂಗಲ್ 2016ರಲ್ಲೇ ಹೇಳಿತ್ತು. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅನ್ನೋದು ಈಗ ಅವರ ಅಳತೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನೋ ವೆಬ್‌ಸೈಟ್‌ನಲ್ಲಿ ನಿಮ್ಮ ಸೈಟಿನ ವಿಳಾಸ ಹಾಕಿದರೆ ಪುಟವನ್ನು ತಡ ಮಾಡುತ್ತಿರೋದು ಯಾವುದು ಅಂತ ಅದೇ ತೋರಿಸುತ್ತೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

'ಜನ ಓದಲ್ಲ ಸಾರ್, ಎರಡು ಸಾಲು ಸಾಕು' ಅನ್ನುವವರ ಮಾತನ್ನೂ ನಾನು ಒಪ್ಪಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳ ಗೊಂಬೆಯನ್ನೇ ನೋಡಿ. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕೂಡಿಸಿ, ಮೇಲೆ ಬಣ್ಣ ಹಚ್ಚುತ್ತಾರೆ. ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸ. ಆ ಊರಿನ ಹೆಸರನ್ನು ಬೇರೆಯವರು ಬಳಸದ ಹಾಗೆ ಕಾಯುವ ಜಿಐ ಟ್ಯಾಗ್ ಕೂಡ ಇದೆ. ಒಂದು ಗೊಂಬೆ ಹೇಗೆ ತಯಾರಾಗುತ್ತೆ, ಯಾವ ಹಂತಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಫೋಟೋ ಸಮೇತ ಬರೆದರೆ ಜನ ಕೊನೆಯವರೆಗೂ ಓದುತ್ತಾರೆ. ಆಮೇಲೆ ರೇಟ್ ನೋಡಿ "ಇಷ್ಟೊಂದಾ?" ಅನ್ನಲ್ಲ. ಅದನ್ನು ಬಿಟ್ಟು 'ಭವ್ಯ ಪರಂಪರೆಯ ಅನನ್ಯ ಕಲೆ' ಅಂತ ಬರೆದರೆ ಎರಡು ಸಾಲೂ ಜಾಸ್ತಿಯೇ.

ಬರೆಯೋದು ಯಾರು? ಸೈಟ್ ಮಾಡಿಸುವಾಗ ಡಿಸೈನರ್ ಎದುರಿಗೆ ಮಾಲೀಕರು ಕೂರುತ್ತಾರೆ. ಅಂಗಡಿಯಲ್ಲಿ ಇಡೀ ದಿನ ಫೋನ್ ಎತ್ತುವ ಹುಡುಗನನ್ನೂ ಜೊತೆಗೆ ಕೂರಿಸಿ. ಗಿರಾಕಿ ಏನು ಕೇಳುತ್ತಾನೆ ಅನ್ನೋದು ಅವನಿಗೆ ಬಾಯಿಪಾಠ.

ಕನ್ನಡದಲ್ಲೂ ಹಾಕಿ. ಆದರೆ ಯೂನಿಕೋಡ್‌ನಲ್ಲಿ, ಅಂದ್ರೆ ಯಾವ ಫೋನ್, ಕಂಪ್ಯೂಟರ್‌ನಲ್ಲೂ ಸರಿಯಾಗಿ ಕಾಣುವ ಅಕ್ಷರದಲ್ಲಿ. 'ನುಡಿ' ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ನೋಡುವವರಿಗೆ ಅರ್ಥವಿಲ್ಲದ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಅದಕ್ಕೆ ಹೆದರಿ ಇಡೀ ಬರಹವನ್ನೇ ಫೋಟೋ ಮಾಡಿ ಹಾಕುವವರೂ ಇದ್ದಾರೆ. ಅದನ್ನು ಗೂಗಲ್‌ನಲ್ಲಿ ಹುಡುಕಿ ತೆಗೆಯೋದು ಕಷ್ಟ. ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸೋಕೂ ಆಗಲ್ಲ.

ಕೊನೆಗೆ ಆನೆಗುಂದಿ ಕಡೆಯ ಹೋಂಸ್ಟೇಯವರಿಗೆ. ಹೊಸಪೇಟೆ ಸ್ಟೇಷನ್‌ನಲ್ಲಿ ಇಳಿದವರಿಗೆ ನಿಮ್ಮ ಕೋಣೆಯ ಪರದೆ ಬಣ್ಣ ಬೇಕಾಗಿಲ್ಲ. ಹಂಪಿ ನೋಡಿಕೊಂಡು ಹೊಳೆ ದಾಟಿ ನಿಮ್ಮಲ್ಲಿಗೆ ಬರೋದು ಹೇಗೆ ಅಂತ ಬೇಕು. ಡ್ಯಾಂನಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲುತ್ತೆ, ಸುತ್ತಿಕೊಂಡು ರಸ್ತೆಯಲ್ಲಿ ಬರಬೇಕು. ಅದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದ ದಿನಗಳನ್ನು ನೆನಪು ಮಾಡಿಕೊಳ್ಳಿ. 'ಈಗ ದೋಣಿ ಇಲ್ಲ, ರಸ್ತೆಯಲ್ಲಿ ಬನ್ನಿ, ಆಟೋದವರು ಇಷ್ಟು ಕೇಳ್ತಾರೆ' ಅಂತ ಅಂಥ ಹೊತ್ತಲ್ಲಿ ಬರೆದ ಎರಡು ಸಾಲನ್ನು ಎಲ್ಲರೂ ಓದುತ್ತಾರೆ.

ಅದಕ್ಕೆ ಡಿಸೈನರ್ ಬೇಕಾಗಿಲ್ಲ, ಸೈಟಿನ ಪಾಸ್‌ವರ್ಡ್ ನಿಮ್ಮ ಹತ್ರ ಇದ್ದರೆ ಸಾಕು. ಎಷ್ಟೋ ಮಾಲೀಕರ ಹತ್ರ ಅದೇ ಇರಲ್ಲ. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿ ವರ್ಷಗಳಾಗಿರುತ್ತೆ. ಇವತ್ತೇ ಅವನಿಗೆ ಒಂದು ಫೋನ್ ಮಾಡಿ ಪಾಸ್‌ವರ್ಡ್ ಇಸ್ಕೊಳ್ಳಿ.